ಝೆನೋಡೊ ಜೊತೆ ಏಳು ವರ್ಷ: ಸರಿಯಾದ ಫೈಲ್ ಕೊಟ್ಟರೆ ತೊಂದರೆಯಿಲ್ಲ

ಸಂಶೋಧನಾ ಲೇಖನ, ಡೇಟಾ ಇಡುವ ಆನ್‌ಲೈನ್ ಸಂಗ್ರಹವಾದ ಝೆನೋಡೊಗೆ ನಾನು ಇಷ್ಟಪಟ್ಟು ಬಂದವಳಲ್ಲ. ಸಂಶೋಧನಾ ಅನುದಾನದ ಪತ್ರದಲ್ಲಿ ಒಂದು ಷರತ್ತಿತ್ತು: ಈ ಹಣದಲ್ಲಿ ನಡೆದ ಕೆಲಸದ ಪ್ರತಿ ಲೇಖನವೂ ಯಾರು ಬೇಕಾದರೂ ಉಚಿತವಾಗಿ ಓದುವಂತೆ ಸಿಗಬೇಕು. ಜರ್ನಲ್‌ಗೆ ದುಡ್ಡು ಕಟ್ಟಿದರೆ ಅವರೇ ಲೇಖನವನ್ನು ತೆರೆದಿಡುತ್ತಾರೆ. ಎಪಿಸಿ ಅನ್ನುವ ಆ ಶುಲ್ಕಕ್ಕೆ ನಮ್ಮ ಬಜೆಟ್‌ನಲ್ಲಿ ಜಾಗವೇ ಇರಲಿಲ್ಲ. ಉಳಿದದ್ದು ಗ್ರೀನ್ ಓಪನ್ ಆಕ್ಸೆಸ್, ಅಂದರೆ ನಮ್ಮ ಹಸ್ತಪ್ರತಿಯನ್ನು ನಾವೇ ಒಂದು ರೆಪಾಸಿಟರಿಗೆ (ಇಂಥ ಆನ್‌ಲೈನ್ ಸಂಗ್ರಹಕ್ಕೆ) ಹಾಕುವುದು. ವಿಶ್ವವಿದ್ಯಾಲಯಕ್ಕೆ ಸ್ವಂತ ರೆಪಾಸಿಟರಿ ಇರಲಿಲ್ಲ. ಹಾಗಾಗಿ ಝೆನೋಡೊ.

ಇದನ್ನು ನಡೆಸುವುದು ಸರ್ನ್, ಅದೇ ಕಣ ಭೌತಶಾಸ್ತ್ರದ ಪ್ರಯೋಗಾಲಯ. 2013ರಲ್ಲಿ ಶುರುವಾಯಿತು. ಹೆಸರು ಅಲೆಕ್ಸಾಂಡ್ರಿಯಾ ಗ್ರಂಥಾಲಯದ ಝೆನೋಡೋಟಸ್‌ನಿಂದ ಬಂದದ್ದು. ಬಳಸಲು ದುಡ್ಡಿಲ್ಲ. ಒಂದು ದಾಖಲೆಗೆ 50 ಜಿಬಿ ತನಕ ಜಾಗ ಕೊಡುತ್ತಾರೆ. ಲೇಖನಕ್ಕೆ ಅಷ್ಟೆಲ್ಲ ಯಾಕೆ ಬೇಕು ಅಂದುಕೊಂಡಿದ್ದೆ. ಡೇಟಾ ಫೈಲ್‌ಗಳನ್ನೂ ಹಾಕಲು ಶುರು ಮಾಡಿದ ಮೇಲೆ ಗೊತ್ತಾಯಿತು.

ನನ್ನ ಮೊದಲ ಅಪ್‌ಲೋಡ್ ಪೂರ್ತಿ ಎಡವಟ್ಟು. ಜರ್ನಲ್‌ನಿಂದ ಇಳಿಸಿಕೊಂಡ ಚೆಂದದ ಪಿಡಿಎಫ್ ಅನ್ನೇ ಹಾಕಿಬಿಟ್ಟೆ. ನನ್ನದೇ ಲೇಖನ ತಾನೇ ಅಂತ. ಕೆಲವು ವಾರಗಳಲ್ಲಿ ಪ್ರಕಾಶಕರಿಂದ ಖಾರವಾದ ಇಮೇಲ್ ಬಂತು. ಆಗಷ್ಟೇ ನನಗೆ ಮೂರು ಆವೃತ್ತಿಗಳ ವ್ಯತ್ಯಾಸ ತಲೆಗೆ ಹೋದದ್ದು. ಜರ್ನಲ್‌ಗೆ ಕಳಿಸುವ ಮುಂಚಿನ ಕರಡು ಪ್ರೀಪ್ರಿಂಟ್. ಪರಿಶೀಲಕರು ಹೇಳಿದ್ದನ್ನೆಲ್ಲ ತಿದ್ದಿ, ಸಂಪಾದಕರು ಒಪ್ಪಿದ ನಮ್ಮ ವರ್ಡ್ ಫೈಲ್ ಅಕ್ಸೆಪ್ಟೆಡ್ ಮ್ಯಾನುಸ್ಕ್ರಿಪ್ಟ್. ಪ್ರಕಾಶಕರು ಪುಟ ಜೋಡಿಸಿ, ಲೋಗೋ ಹಾಕಿದ್ದು ಮೂರನೆಯದು. ಷರತ್ತು ಸಾಮಾನ್ಯವಾಗಿ ಕೇಳುವುದು ಎರಡನೆಯದನ್ನು. ಪ್ರಕಾಶಕರು ಹೆಚ್ಚಾಗಿ ಬಿಡುವುದೂ ಅದನ್ನೇ. ನೋಡಲು ಸಪ್ಪೆ, ಆದರೆ ಒಳಗಿನ ವಿಷಯ ಅದೇ, ಅಲ್ವಾ?

ಆ ದಾಖಲೆಯನ್ನು ತೆಗೆಸಬೇಕಾಯಿತು. ತೆಗೆದರೂ ಅದು ಮಾಯವಾಗುವುದಿಲ್ಲ. ಫೈಲ್ ಹೋಗುತ್ತದೆ, ಆ ದಾಖಲೆಯ ಶಾಶ್ವತ ಕೊಂಡಿಯಾದ ಡಿಒಐ ಒತ್ತಿದರೆ 'ಇಲ್ಲೊಂದು ದಾಖಲೆ ಇತ್ತು' ಎನ್ನುವ ಪುಟ ತೆರೆಯುತ್ತದೆ. ಅದಕ್ಕೆ ಟೂಂಬ್‌ಸ್ಟೋನ್, ಅಂದರೆ ಸಮಾಧಿ ಕಲ್ಲು ಅಂತಲೇ ಹೆಸರು. ನನ್ನದೊಂದು ಕಲ್ಲು ಇನ್ನೂ ಅಲ್ಲೇ ನಿಂತಿದೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಎಂಬಾರ್ಗೊ ಸೌಲಭ್ಯ. ಕೆಲವು ಜರ್ನಲ್‌ಗಳು ಆರು ತಿಂಗಳೋ ವರ್ಷವೋ ತಡೆಯಿರಿ ಅನ್ನುತ್ತವೆ. ಫೈಲ್ ಹಾಕಿ ದಿನಾಂಕ ಕೊಟ್ಟರೆ ಸಾಕು, ಆ ದಿನ ತಾನಾಗಿಯೇ ತೆರೆದುಕೊಳ್ಳುತ್ತದೆ. ಆದರೆ ಈಚೆಗೆ ಹಣ ಕೊಡುವವರ ನಿಯಮವೇ ಬಿಗಿಯಾಗಿದೆ. ಹಲವು ಅನುದಾನ ಸಂಸ್ಥೆಗಳು ಸೇರಿ ಮಾಡಿ, 2021ರಿಂದ ಜಾರಿಗೆ ಬಂದ ಪ್ಲಾನ್ ಎಸ್ ಎಂಬ ನಿಯಮದ ಪ್ರಕಾರ ತಡೆಯುವ ಮಾತೇ ಇಲ್ಲ. ಪ್ರಕಟವಾದ ದಿನವೇ ತೆರೆದಿರಬೇಕು, ಅದೂ ಸಾಮಾನ್ಯವಾಗಿ, ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಸಿಸಿ ಬೈ ಲೈಸೆನ್ಸ್‌ನಲ್ಲಿ. ಇಂಥ ಅನುದಾನವಿದ್ದರೆ ಲೇಖನ ಕಳಿಸುವಾಗಲೇ 'ಒಪ್ಪಿತ ಹಸ್ತಪ್ರತಿಗೆ ಸಿಸಿ ಬೈ ಅನ್ವಯಿಸುತ್ತದೆ' ಎಂಬ ಸಾಲು ಸೇರಿಸಿ. ಆಮೇಲೆ ಪ್ರಕಾಶಕರ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಅದು ಈ ಸಾಲಿಗೆ ಅಡ್ಡ ಬರುತ್ತದಾ ನೋಡಿ. ನಾನು ಒಮ್ಮೆ ಸುಮ್ನೆ ಕ್ಲಿಕ್ ಮಾಡಿ ಪೇಚಿಗೆ ಸಿಕ್ಕಿದ್ದೇನೆ.

ಡಿಒಐ ವಿಷಯ ಮೊದಲು ಗೊಂದಲ ಅನ್ನಿಸಿತ್ತು. ಪ್ರತಿ ಆವೃತ್ತಿಗೂ ಒಂದು, ಎಲ್ಲ ಆವೃತ್ತಿಗೂ ಸೇರಿ ಇನ್ನೊಂದು. ಎರಡನೆಯದು ಯಾವಾಗಲೂ ಹೊಸ ಆವೃತ್ತಿಗೆ ಕರೆದೊಯ್ಯುತ್ತದೆ. ಜರ್ನಲ್ ಲೇಖನದ ಡಿಒಐಯನ್ನು ನಾನು ಸಂಬಂಧಿತ ಕೃತಿಗಳ ಜಾಗದಲ್ಲಿ ತುಂಬುತ್ತೇನೆ.

ಎಲ್ಲರಿಗೂ ಇದು ಸಾಲುವುದಿಲ್ಲ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಹಣ ಪಡೆದವರು ಪಬ್‌ಮೆಡ್ ಸೆಂಟ್ರಲ್ ಎಂಬ ರೆಪಾಸಿಟರಿಗೇ ಹಾಕಬೇಕು. 2025ರ ಜುಲೈ 1ರಿಂದ ಒಪ್ಪಿಗೆಯಾದ ಹಸ್ತಪ್ರತಿಗಳಿಗೆ ಅಲ್ಲೂ ಎಂಬಾರ್ಗೊ ಇಲ್ಲ. ಇನ್ನೊಂದು ಮಾತು, ಝೆನೋಡೊದಲ್ಲಿ ಡಿಒಐ ಸಿಕ್ಕಿತು ಅಂದರೆ ಪರಿಶೀಲನೆ ಆಯಿತು ಅಂತಲ್ಲ. ಇದನ್ನು ವಿದ್ಯಾರ್ಥಿಗಳಿಗೆ ವರ್ಷ ವರ್ಷ ಹೇಳುತ್ತಲೇ ಇದ್ದೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಈಗ ಒಪ್ಪಿಗೆಯ ಇಮೇಲ್ ಬಂದ ದಿನವೇ ವರ್ಡ್ ಫೈಲ್ ಅನ್ನು ಬೇರೆ ಫೋಲ್ಡರ್‌ನಲ್ಲಿ ತೆಗೆದಿಡುತ್ತೇನೆ. ಕಳೆದ ಸಲ ಅಪ್‌ಲೋಡ್‌ಗೆ ಹತ್ತು ನಿಮಿಷ ಹಿಡಿಯಿತು. ಅದರಲ್ಲಿ ಏಳು ನಿಮಿಷ ಸಹಲೇಖಕರೊಬ್ಬರ ಆರ್ಕಿಡ್ ನಂಬರ್ (ಸಂಶೋಧಕರ ಗುರುತಿನ ಸಂಖ್ಯೆ) ಹುಡುಕಿದ್ದಕ್ಕೇ ಹೋಯಿತು.