ಆಟೋಕ್ರಾಸ್‌ಗೆ ಪದ್ಮಿನಿಯೋ, ಎಸ್ಟೀಮೋ?

ಹುಬ್ಬಳ್ಳಿ ಕಡೆ ಹಳೇ ಕಾರು ತಗೊಂಡು ಆಟೋಕ್ರಾಸ್ (ಮೈದಾನದಲ್ಲಿ ಕೋನ್ ಇಟ್ಟು, ಅವನ್ನು ಸುತ್ತಿ ಟೈಮ್ ಮೇಲೆ ಕಾರು ಓಡಿಸುವ ಆಟ) ಆಡುವ ಆಸೆ ಇದ್ದವರು ಕೊನೆಗೆ ಪ್ರೀಮಿಯರ್ ಪದ್ಮಿನಿ, ಮಾರುತಿ ಎಸ್ಟೀಮ್ ಈ ಎರಡರ ಮಧ್ಯೆ ಸಿಕ್ಕಿಬೀಳುತ್ತಾರೆ. ನಾನು ಪಕ್ಕದ ಸೀಟಿನಲ್ಲಿ ಕೂತು ಹೇಳಿಕೊಡುವವ, ಎರಡರಲ್ಲೂ ಮೈ ನೋಯಿಸಿಕೊಂಡಿದ್ದೇನೆ.

ಪದ್ಮಿನಿಯದು 1089 ಸಿಸಿ ಎಂಜಿನ್, ಓಡಿಸುವುದು ಹಿಂದಿನ ಚಕ್ರ. ಮಣ್ಣಿನ ಮೇಲೆ ಹಿಂಭಾಗ ಜಾರಿಸಿ ಕೋನ್ ಸುತ್ತುವ ಮಜಾನೇ ಬೇರೆ. ಆದರೆ ಬಿಗಿ ತಿರುವಿನಲ್ಲಿ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಒಂದು ಕಡೆ ವಾಲುತ್ತದೆ. ಎಂಜಿನ್ ಒಂದು ಕ್ಷಣ ಕೆಮ್ಮುತ್ತದೆ, ಅಷ್ಟರಲ್ಲಿ ಟೈಮ್ ಹೋಯ್ತು. ಸ್ಟೀರಿಂಗ್ ಕೆಳಗಿನ ಗೇರ್ ಕಡ್ಡಿ ಹುಡುಕುತ್ತಾ ಹೊಸಬರು ತಿರುವನ್ನೇ ಮರೆಯುತ್ತಾರೆ. ಒಂದು ಅನುಕೂಲ ಅಂದರೆ, ಪಾಯಿಂಟ್ ಗ್ಯಾಪ್ (ಕಿಡಿಯ ಸಮಯ ನೋಡುವ ಪಾಯಿಂಟ್‌ಗಳ ಸಂದು), ಐಡಲ್ (ಕಾರು ನಿಂತಾಗ ಎಂಜಿನ್ ತಿರುಗುವ ವೇಗ) ಎರಡನ್ನೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು), ಸ್ಕ್ರೂಡ್ರೈವರ್ ಇದ್ದರೆ ಮೈದಾನದಲ್ಲೇ ಸರಿಮಾಡಬಹುದು.

ಎಸ್ಟೀಮ್ 1298 ಸಿಸಿ, ಮುಂದಿನ ಚಕ್ರದ್ದು. ಜೋರಾಗಿ ನುಗ್ಗಿದರೆ ತಿರುಗದೆ ನೇರ ಹೋಗುತ್ತದೆ. "ಆಕ್ಸಿಲರೇಟರ್ ಬಿಡ್ರೀ!" ಅಂತ ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ. ಟಾರ್ ಮೇಲಾದರೆ ಹಿಂದಿನ ಟೈರಿಗೆ ಎರಡು ಮೂರು ಪಿಎಸ್‌ಐ ಗಾಳಿ ಜಾಸ್ತಿ ಹಾಕಿ, ಬಾಲ ಸ್ವಲ್ಪ ಸಡಿಲವಾಗಿ ಕಾರು ತಿರುಗುತ್ತದೆ. ಎರಿ ಮಣ್ಣು ಹಸಿ ಇದ್ದರೆ ಎರಡೂ ಕಾರು ಸುಮ್ನೆ ಮನೆಯಲ್ಲಿರಲಿ.

ಮೊದಲ ಸಲವಾದರೆ ಎಸ್ಟೀಮ್ ತಗೊಳ್ಳಿ. ನನ್ನ ದುಡ್ಡಾದರೆ? ಪದ್ಮಿನಿಗೇ ಹಾಕುತ್ತೇನೆ, ಬೈಸಿಕೊಂಡರೂ ಸರಿ.