ಐದು ಸೇಡಿನ ಸಿನಿಮಾ, ಅಕ್ಕಪಕ್ಕ ಇಟ್ಟು ನೋಡಿದಾಗ

ಸೇಡಿನ ಸಿನಿಮಾದ ಕತೆ ಎರಡು ಸಾಲಿಗೆ ಮುಗಿಯುತ್ತದೆ. ಯಾರೋ ಯಾರನ್ನೋ ಕೊಂದರು. ಉಳಿದವರು ಹುಡುಕಿಕೊಂಡು ಹೋಗಿ ಕೊಂದವರನ್ನು ಮುಗಿಸಿದರು. ಕೊನೆ ಏನಾಗುತ್ತದೆ ಅಂತ ಮೊದಲೇ ಗೊತ್ತು, ಆದರೂ ಮತ್ತೆ ಮತ್ತೆ ನೋಡುತ್ತೇವೆ. ಯಾಕೆ ಅಂದರೆ 'ಸ್ಟೈಲು' ಅನ್ನುತ್ತಾರೆ. ಸರಿಯೇ, ಆದರೆ ಅದು ಅರ್ಧ ಉತ್ತರ. ಬೀದಿಯಲ್ಲಿ ಹೊಡೆದಾಟ ಕಂಡರೆ ಮುಖ ತಿರುಗಿಸುವ ಜನ ಇಲ್ಲಿ ಕಣ್ಣರಳಿಸಿ ಕೂರುತ್ತಾರಲ್ಲ, ಹಾಗೆ ಕೂರಲು ಪರ್ಮಿಷನ್ ಕೊಡುವುದು ಆ ಸ್ಟೈಲು. ಒಳ್ಳೆಯ ನಿರ್ದೇಶಕ ಆ ಪರ್ಮಿಷನ್ನನ್ನು ಎಲ್ಲೋ ಒಂದು ಕಡೆ ವಾಪಸ್ ಕಿತ್ತುಕೊಳ್ಳುತ್ತಾನೆ. ಎಲ್ಲಿ ಕಿತ್ತುಕೊಂಡ, ಹೇಗೆ ಕಿತ್ತುಕೊಂಡ ಅನ್ನುವುದೇ ನನ್ನ ಅಳತೆ.

ಐದು ಮಾರ್ಷಲ್ ಆರ್ಟ್ಸ್ ಸೇಡಿನ ಚಿತ್ರಗಳನ್ನು ಹೋಲಿಸಲು ಒಂದು ಉಪಾಯ ಮಾಡಿದೆ. ಪ್ರತಿ ಚಿತ್ರದ ದೊಡ್ಡ ಫೈಟನ್ನು ಒಮ್ಮೆ ಪೂರ್ತಿ ಸೌಂಡಿನಲ್ಲಿ, ಒಮ್ಮೆ ಮ್ಯೂಟ್ ಮಾಡಿ ನೋಡಿದೆ. ಯಾವುದರ ಬಲ ಎಲ್ಲಿದೆ ಅನ್ನುವುದು ಆಗ ಗೊತ್ತಾಗುತ್ತದೆ.

'ಜಾನ್ ವಿಕ್' (2014) ಮ್ಯೂಟ್ ಮಾಡಿದರೂ ಏನೂ ಕಳೆದುಕೊಳ್ಳುವುದಿಲ್ಲ. ನಿರ್ದೇಶಕ ಚಾಡ್ ಸ್ಟಾಹೆಲ್ಸ್ಕಿ ಮೂಲತಃ ಸ್ಟಂಟ್‌ಮ್ಯಾನ್, 'ಮೇಟ್ರಿಕ್ಸ್'ನಲ್ಲಿ ಈ ಚಿತ್ರದ ನಾಯಕ ಕೀಯಾನು ರೀವ್ಸ್‌ಗೇ ಡೂಪ್ ಆಗಿದ್ದವರು. ಹಾಗಾಗಿ ಕ್ಯಾಮೆರಾ ದೂರ ನಿಲ್ಲುತ್ತದೆ, ಕಟ್ ಕಡಿಮೆ. ಜೂಡೋ ಹಾಕಿ ಒಬ್ಬನನ್ನು ಕೆಡವಿ, ಅವನನ್ನು ಹಾಗೇ ಅದುಮಿ ಹಿಡಿದು ಇನ್ನೊಬ್ಬನಿಗೆ ಗುಂಡು ಹೊಡೆಯುವುದು ಸ್ಪಷ್ಟವಾಗಿ ಕಾಣುತ್ತದೆ. ಗುಂಡು ಮುಗಿದರೆ ಮ್ಯಾಗಜಿನ್ ಬದಲಿಸುವುದನ್ನೂ ತೋರಿಸುತ್ತಾರೆ, ಅದು ನನಗೆ ಇಷ್ಟ. ಆದರೆ ಸಾಯುವವರು ಯಾರು ಅನ್ನುವುದು ಒಂದು ಕ್ಷಣವೂ ಕಾಡುವುದಿಲ್ಲ. ಪರ್ಮಿಷನ್ ಕೊನೆತನಕ ನಮ್ಮ ಜೇಬಿನಲ್ಲೇ ಇರುತ್ತದೆ. ತಲೆ ಕೆಟ್ಟ ದಿನ ರಾತ್ರಿ ನೋಡಲು ಇದಕ್ಕಿಂತ ಒಳ್ಳೆಯದು ಇಲ್ಲ, ಅಷ್ಟೇ.

'ಕಿಲ್ ಬಿಲ್' ಮೊದಲ ಭಾಗ (2003) ಇದಕ್ಕೆ ತದ್ವಿರುದ್ಧ. ಮ್ಯೂಟ್ ಮಾಡಿದರೆ ಅರ್ಧ ಮಜಾ ಹೋಯಿತು. ಟೊಕಿಯೊ ರೆಸ್ಟೊರೆಂಟಿನ ಆ ದೊಡ್ಡ ಕಾಳಗದ ಫೈಟ್ ಮಾಸ್ಟರ್ ಹಾಂಗ್‌ಕಾಂಗ್‌ನ ಯುವೆನ್ ವೂ-ಪಿಂಗ್. ಕೈ ಹಾರುತ್ತದೆ, ರಕ್ತ ಕಾರಂಜಿಯ ಹಾಗೆ ಚಿಮ್ಮುತ್ತದೆ, ನಗು ಬರುತ್ತದೆ. ನಡುವೆ ಬಣ್ಣ ಹೋಗಿ ಕಪ್ಪು-ಬಿಳುಪಾಗುತ್ತದೆ. ಜಪಾನಿನಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ಅದೇ ಭಾಗ ಬಣ್ಣದಲ್ಲೇ ಇದೆ. ನನಗೆ ಕಪ್ಪು-ಬಿಳುಪೇ ವಾಸಿ. ಅಷ್ಟು ಕೆಂಪು ಒಟ್ಟಿಗೆ ಬಂದರೆ ಕಣ್ಣು ಸೋಲುತ್ತದೆ. ಇನ್ನು ನಾಯಕಿಯ ಹಳದಿ ಉಡುಪು ಬ್ರೂಸ್ ಲೀಯದು, ಹಿಮದ ದ್ವಂದ್ವ ಜಪಾನಿ ಚಿತ್ರ 'ಲೇಡಿ ಸ್ನೋಬ್ಲಡ್'ನದ್ದು, ಮುಖವಾಡ ಹಾಕಿದ ಗುಂಪಿನ ಮುಖ್ಯಸ್ಥ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಸ್ಟುಡಿಯೋ ಕಾಲದ ಕುಂಗ್ ಫೂ ನಟ ಗೋರ್ಡನ್ ಲಿಯು. ಎಲ್ಲ ಕಡೆಯಿಂದ ಎತ್ತಿಕೊಂಡು ಬಂದದ್ದು, ನಿರ್ದೇಶಕ ಟರಂಟಿನೊ ಅದನ್ನು ಮುಚ್ಚಿಡುವುದೂ ಇಲ್ಲ.

ಆದರೆ ಈ ಚಿತ್ರದ ಅಸಲಿ ಸೀನು ಅದಲ್ಲ. ಅದು ಮೊದಲಲ್ಲೇ, ಒಂದು ಮನೆಯಲ್ಲಿ ಬರುತ್ತದೆ. ಇಬ್ಬರು ಹೆಂಗಸರು ಚಾಕು ಹಿಡಿದು ಮನೆ ಪೂರ್ತಿ ಪುಡಿ ಮಾಡುತ್ತಿದ್ದಾರೆ. ಕಿಟಕಿಯಾಚೆ ಸ್ಕೂಲ್ ಬಸ್ ನಿಲ್ಲುತ್ತದೆ. ಮಗಳು ಒಳಗೆ ಬರುವಷ್ಟರಲ್ಲಿ ಇಬ್ಬರೂ ಚಾಕು ಬೆನ್ನ ಹಿಂದೆ ಬಚ್ಚಿಟ್ಟು ಸುಮ್ನೆ ನಿಂತಿರುತ್ತಾರೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ತಾಯಿ ಸತ್ತು ಬಿದ್ದಿರುತ್ತಾಳೆ, ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾಳೆ. ದೊಡ್ಡವಳಾದ ಮೇಲೂ ಸಿಟ್ಟು ಉಳಿದಿದ್ದರೆ ಬಾ, ನಾನು ಕಾಯುತ್ತಿರುತ್ತೇನೆ ಅನ್ನುವ ಅರ್ಥದ ಮಾತು ಹೇಳಿ ನಾಯಕಿ ಹೊರಡುತ್ತಾಳೆ. ಪರ್ಮಿಷನ್ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಹಾಡು, ಜೋಕು, ಕತ್ತಿ ಬಂದು ಅದನ್ನು ವಾಪಸ್ ಕೊಟ್ಟುಬಿಡುತ್ತವೆ. ಆ ಹುಡುಗಿಯ ಕತೆ ಅಲ್ಲಿಗೇ ನಿಂತಿತು.

ಅದಕ್ಕೆ ಉತ್ತರ ಮೂವತ್ತು ವರ್ಷ ಮೊದಲೇ ಬಂದಿತ್ತು. 1973ರ 'ಲೇಡಿ ಸ್ನೋಬ್ಲಡ್', ನಿರ್ದೇಶಕ ತೋಶಿಯಾ ಫುಜಿತಾ. ಮೆಯ್‌ಜಿ ಕಾಲದ, ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ಜಪಾನ್. ಸೇಡು ತೀರಿಸಲೆಂದೇ ಒಬ್ಬ ತಾಯಿ ಜೈಲಿನಲ್ಲಿ ಹೆತ್ತ ಮಗಳು ಯುಕಿ. ಅವಳಿಗೆ ತನ್ನದು ಅಂತ ಒಂದು ಕೋಪವೂ ಇಲ್ಲ, ನೋಡಿ. ಹುಟ್ಟುವಾಗಲೇ ತಲೆಗೆ ಕಟ್ಟಿದ ಸಾಲ ಅದು. ಚಿಕ್ಕವಳನ್ನು ಪೀಪಾಯಿಯಲ್ಲಿ ಹಾಕಿ ಗುಡ್ಡದಿಂದ ಉರುಳಿಸಿ ತರಬೇತಿ ಕೊಡುತ್ತಾರೆ. ನಾಯಕಿಯಾಗಿ ಮೆಯ್ಕೊ ಕಾಜಿ. ಮಾತು ಕಡಿಮೆ, ಕಣ್ಣು ಜಾಸ್ತಿ. ಕೊಡೆಯ ಹಿಡಿಯಲ್ಲಿ ಕತ್ತಿ ಅಡಗಿರುತ್ತದೆ. ಇಲ್ಲಿ ಫೈಟು ಉದ್ದ ಇಲ್ಲ. ನಿಲ್ಲುವುದು, ನೋಡುವುದು, ಒಂದೇ ಏಟು. ರಕ್ತ ಪೇಂಟಿನಷ್ಟು ಕೆಂಪು, ನಿಜ ಅಂತ ಯಾರೂ ನಂಬುವುದಿಲ್ಲ. ಬಿಳಿ ಕಿಮೊನೊ, ಬಿಳಿ ಹಿಮದ ಮೇಲೆ ಅದು ಬಿದ್ದಾಗ ಸೌಂಡ್ ಬೇಕೂ ಆಗುವುದಿಲ್ಲ.

ಮುಂದಿನದು ಕೊನೆಯ ಗುಟ್ಟು, ಬೇಡ ಅನ್ನುವವರು ಈ ಪ್ಯಾರಾ ಬಿಡಿ. ಯುಕಿ ಕೊಲ್ಲುವವರಲ್ಲಿ ಒಬ್ಬ ಕುಡುಕ, ಜೂಜುಕೋರ. ಕಾಲಿಗೆ ಬಿದ್ದು ಜೀವ ಬೇಡುತ್ತಾನೆ. ಅವನಿಗೂ ಒಬ್ಬಳು ಮಗಳಿದ್ದಾಳೆ, ಅಪ್ಪನನ್ನು ಅವಳೇ ಸಾಕುತ್ತಿರುತ್ತಾಳೆ. ಎಲ್ಲ ಮುಗಿಸಿ, ಗಾಯಗೊಂಡು ಯುಕಿ ಹಿಮದಲ್ಲಿ ನಡೆದು ಬರುವಾಗ ಚಾಕು ಹಾಕುವುದು ಆ ಮಗಳು. ಟರಂಟಿನೊ ಬಾಗಿಲಲ್ಲಿ ನಿಲ್ಲಿಸಿದ ಹುಡುಗಿಯನ್ನು ಫುಜಿತಾ ಮೊದಲೇ ಒಳಗೆ ಕರೆದಿದ್ದ! ಇಲ್ಲಿ ಪರ್ಮಿಷನ್ ಹೋದದ್ದು ವಾಪಸ್ ಬರುವುದಿಲ್ಲ. ಐದರಲ್ಲಿ ನನ್ನ ಮೊದಲ ಸ್ಥಾನ ಇದಕ್ಕೆ.

'ಓಲ್ಡ್‌ಬಾಯ್' (2003) ಅನ್ನು ಮಾರ್ಷಲ್ ಆರ್ಟ್ಸ್ ಅನ್ನಬಹುದೋ ಇಲ್ಲವೋ ಅಂತ ಜಗಳ ಮಾಡುವವರಿದ್ದಾರೆ. ಮಾಡಲಿ. ಹದಿನೈದು ವರ್ಷ ಕೋಣೆಯಲ್ಲಿ ಕೂಡಿಹಾಕಿಸಿಕೊಂಡವನು ಗೋಡೆಯ ಮೇಲೆ ಮನುಷ್ಯನ ಆಕಾರ ಬರೆದು ಅದಕ್ಕೆ ಗುದ್ದಿ ಗುದ್ದಿ ಫೈಟ್ ಕಲಿತವನು. ಕೊರಿಯಾದ ನಿರ್ದೇಶಕ ಪಾರ್ಕ್ ಚಾನ್-ವೂಕ್ ಅವನ ಕೈಗೆ ಸುತ್ತಿಗೆ ಕೊಟ್ಟು ಒಂದು ಕಾರಿಡಾರಿಗೆ ಬಿಡುತ್ತಾರೆ. ಕ್ಯಾಮೆರಾ ಪಕ್ಕದಿಂದಲೇ ಸರಿಯುತ್ತದೆ, ಕಟ್ ಇಲ್ಲದೆ ಒಂದೇ ಶಾಟು. ಗುದ್ದು ಗುರಿ ತಪ್ಪುತ್ತದೆ. ಬೆನ್ನಲ್ಲಿ ಚಾಕು ಚುಚ್ಚಿಕೊಂಡೇ ನಿಂತಿರುತ್ತದೆ. ನಡುವೆ ಎರಡೂ ಕಡೆಯವರು ಸುಸ್ತಾಗಿ ಏದುಸಿರು ಬಿಡುತ್ತಾರೆ. ಬೇರೆ ಚಿತ್ರಗಳಲ್ಲಿ ಯಾರಿಗೂ ಸುಸ್ತೇ ಆಗುವುದಿಲ್ಲ, ಅಲ್ವಾ? ಮ್ಯೂಟ್ ಮಾಡಿದಾಗ ಆ ಏದುಸಿರು ಹೋಗಿ, ಸೀನು ಬರೀ ಜಾಣತನವಾಗಿ ಕಂಡಿತು. ಕೊನೆಯ ತಿರುವನ್ನು ಮಾತ್ರ ನಾನು ಹೇಳುವುದಿಲ್ಲ. 2004ರಲ್ಲಿ ಕಾನ್ ಉತ್ಸವದಲ್ಲಿ ಗ್ರ್ಯಾಂಡ್ ಪ್ರೀ ಪ್ರಶಸ್ತಿ ಬಂದದ್ದಕ್ಕೆ ಆಶ್ಚರ್ಯ ಇಲ್ಲ. ಮೆಚ್ಚುತ್ತೇನೆ. ಮತ್ತೆ ಪೂರ್ತಿ ನೋಡಲು ಮನಸ್ಸಿಲ್ಲ.

ಇವೆಲ್ಲಕ್ಕೂ ಹಿರಿಯದು ಬ್ರೂಸ್ ಲೀಯ 'ಫಿಸ್ಟ್ ಆಫ್ ಫ್ಯೂರಿ' (1972). ಗುರುವಿನ ಸಾವಿಗೆ ಶಾಂಘೈನಲ್ಲಿ ಶಿಷ್ಯ ತೀರಿಸುವ ಸೇಡು. ನಡುವೆ ಸ್ವಲ್ಪ ಎಳೆದಿದ್ದಾರೆ, ಕಾಮಿಡಿ ಹಳಸಿದೆ. ಆದರೆ ನನ್ನ ಮ್ಯೂಟ್ ಉಪಾಯ ಪೂರ್ತಿ ಫಲ ಕೊಟ್ಟದ್ದು ಇಲ್ಲಿ. ಕೊನೆಯಲ್ಲಿ ಅವನು ಬಂದೂಕು ಹಿಡಿದ ಸಾಲಿನತ್ತ ಓಡಿ ಗಾಳಿಗೆ ಹಾರುತ್ತಾನೆ, ಚಿತ್ರ ಅಲ್ಲೇ ಹೆಪ್ಪುಗಟ್ಟುತ್ತದೆ. ಸೌಂಡ್ ಇಲ್ಲದಿದ್ದರೆ ಅದು ಗೆಲುವಿನ ಪೋಸ್ಟರ್. ಸೌಂಡ್ ಇದ್ದರೆ ಗುಂಡಿನ ಸದ್ದು ಕೇಳಿಸುತ್ತದೆ.

ಹೊಸದಾಗಿ ನೋಡುವವರು 'ಕಿಲ್ ಬಿಲ್' ಮೊದಲು ನೋಡಿ, 'ಲೇಡಿ ಸ್ನೋಬ್ಲಡ್' ಆಮೇಲೆ. 'ಕಿಲ್ ಬಿಲ್'ನಲ್ಲಿ ಟೊಕಿಯೊ ಹಿಮದ ಕಾಳಗ ಮುಗಿದಾಗ ಬರುವ ಜಪಾನಿ ಹಾಡು ಮೆಯ್ಕೊ ಕಾಜಿಯೇ 'ಲೇಡಿ ಸ್ನೋಬ್ಲಡ್'ಗೆ ಹಾಡಿದ್ದು. ಎರಡನೆಯ ಸಲ ಕೇಳುವಾಗ ಯಾರ ಪರ ನಿಲ್ಲಬೇಕು ಅನ್ನುವುದು ಅಷ್ಟು ಸುಲಭ ಇರುವುದಿಲ್ಲ. ಡಬ್ಬಿಂಗ್ ಮಾತ್ರ ಬೇಡ, ಸಬ್‌ಟೈಟಲ್ ಹಾಕಿಕೊಳ್ಳಿ.