ಐಸಿಯು ಸ್ವಾಬ್‌ಗೆ ಯಾವ ಟೆಸ್ಟ್? ಮೂರನ್ನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಎಂಸಿಐಎಂ, ಕಾರ್ಬಾ 5 ಸ್ಟ್ರಿಪ್, ಎಕ್ಸ್‌ಪರ್ಟ್ ಕಾರ್ಬಾ-ಆರ್ ಕಾರ್ಟ್ರಿಜ್, ಈ ಮೂರರಲ್ಲಿ ನನ್ನ ಓಟು ಕಾರ್ಟ್ರಿಜ್‌ಗೆ. ನಾನು ಮೈಸೂರಿನ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಬೇರೆ ಕಡೆ ವಾರಗಟ್ಟಲೆ ಅಡ್ಮಿಟ್ ಆಗಿದ್ದವರು ಮಂಡ್ಯ, ನಂಜನಗೂಡು, ಹುಣಸೂರಿನಿಂದ ನಮ್ಮ ಐಸಿಯುಗೆ ಬರುತ್ತಾರೆ. ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯಾಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಅವರ ಕರುಳಿನಲ್ಲಿ ಇದೆಯಾ ಅಂತ, ಗುದದಿಂದ ಕಡ್ಡಿಯಲ್ಲಿ ತೆಗೆದ ಮಾದರಿಯಿಂದ (ರೆಕ್ಟಲ್ ಸ್ವಾಬ್) ಬೇಗ ಗೊತ್ತಾಗಬೇಕು. ತಡವಾದರೆ ಪಕ್ಕದ ಬೆಡ್‌ಗೂ ಹರಡಬಹುದು.

ಎಂಸಿಐಎಂ, ಅಂದರೆ ಬ್ಯಾಕ್ಟೀರಿಯಾ ಮೆರೊಪೆನೆಮ್ ಬಿಲ್ಲೆಯನ್ನು ನಿಷ್ಕ್ರಿಯ ಮಾಡುತ್ತದಾ ಅಂತ ನೋಡುವ ಟೆಸ್ಟ್, ಅಗ್ಗ, ನಂಬಬಹುದು. ಆದರೆ ಪ್ಲೇಟ್ ಮೇಲೆ ಬ್ಯಾಕ್ಟೀರಿಯಾದ ಗುಂಪು (ಕಾಲೊನಿ) ಬೆಳೆದ ಮೇಲೂ ಇನ್ನೊಂದು ದಿನ ಕಾಯಬೇಕು.

ಕಾರ್ಬಾ 5 ಸ್ಟ್ರಿಪ್‌ಗೆ ಮೆಷಿನ್ ಬೇಡ. ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಆಕ್ಸಾ-48, ಮೆರೊಪೆನೆಮ್‌ನಂಥ ಔಷಧ ಒಡೆಯುವ ಈ ಐದು ಕಿಣ್ವಗಳಲ್ಲಿ ಯಾವುದಿದ್ದರೂ 15 ನಿಮಿಷಕ್ಕೆ ಗೆರೆ ಮೂಡುತ್ತದೆ. ಆದರೆ ಅದಕ್ಕೂ ಕಾಲೊನಿ ಬೇಕಲ್ವಾ? ಅಂದರೆ ಉತ್ತರ ನಾಳೆಗೇ.

ಎಕ್ಸ್‌ಪರ್ಟ್ ಕಾರ್ಬಾ-ಆರ್ ನೇರ ರೆಕ್ಟಲ್ ಸ್ವಾಬ್‌ನಿಂದಲೇ ಸುಮಾರು 50 ನಿಮಿಷದಲ್ಲಿ ಆ ಕಿಣ್ವಗಳ ಜೀನ್ ಹುಡುಕಿಕೊಡುತ್ತದೆ. ಟಿಬಿಗೆಂದು ಇಟ್ಟಿದ್ದ ಜೀನ್‌ಎಕ್ಸ್‌ಪರ್ಟ್ ಮೆಷಿನ್ನೇ ನಮಗೆ ಸಾಕಾಯಿತು.

ಗೋಳು ಕೊಟ್ಟಿದ್ದು ಸ್ವಾಬ್. ಒಂದು ರಾತ್ರಿ 11 ಗಂಟೆಗೆ ಮಂಡ್ಯದಿಂದ ವೆಂಟಿಲೇಟರ್ ಮೇಲಿದ್ದ ಅಜ್ಜ ಬಂದರು. ಸ್ವಾಬ್ ತುಂಬಾ ಮಲ ಮೆತ್ತಿಕೊಂಡಿತ್ತು. ನಾನೂ ನೋಡಿಯೂ ನೋಡದಂತೆ ರೀಏಜೆಂಟ್ ದ್ರಾವಣಕ್ಕೆ ಹಾಕಿ, ವೋರ್ಟೆಕ್ಸ್‌ನಲ್ಲಿ ಜೋರಾಗಿ ಅಲ್ಲಾಡಿಸಿ, ಲೋಡ್ ಮಾಡಿದೆ. ಕೊನೆಗೆ ಪರದೆ ಮೇಲೆ ಬಂದಿದ್ದು ‘ಇನ್‌ವ್ಯಾಲಿಡ್’. ಮಲ ಜಾಸ್ತಿಯಾದರೆ ಮೆಷಿನ್ ಒಳಗಿನ ಪಿಸಿಆರ್ (ಜೀನ್ ನಕಲು ಮಾಡಿ ಹುಡುಕುವ ಕ್ರಮ) ನಡೆಯುವುದಕ್ಕೇ ಅಡ್ಡಿ. ಆಗ ಮೆಷಿನ್‌ಗೆ ಜೀನ್ ಇಲ್ಲ ಅಂತ ಹೇಳುವುದಕ್ಕೂ ಆಗುವುದಿಲ್ಲ. ಸ್ಟ್ರಿಪ್‌ಗಿಂತ ಎಷ್ಟೋ ದುಬಾರಿಯಾದ ಕಾರ್ಟ್ರಿಜ್ ಸುಮ್ನೆ ಹಾಳಾಯಿತು.

ಎರಡನೇ ಸ್ವಾಬ್ ತರಿಸಿ ಹಾಕಿದಾಗ ಎನ್‌ಡಿಎಂ, ಆಕ್ಸಾ-48 ಎರಡೂ ಪಾಸಿಟಿವ್. ಆ ಹೊತ್ತಿಗೆ ರಾತ್ರಿ ಒಂದೂವರೆ ಗಂಟೆಯಾಗಿತ್ತು. ಅಷ್ಟು ಹೊತ್ತೂ ಅಜ್ಜ ಎಲ್ಲರ ನಡುವೆಯೇ ಇದ್ದರು. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮರುದಿನವೇ ಐಸಿಯುಗೆ ಹೋಗಿ ಹೇಳಿದೆ: ‘ಸಿಸ್ಟರ್, ತುದಿಗೆ ಬಣ್ಣ ಹತ್ತಿದರೆ ಸಾಕು, ಮೆತ್ತಿಕೊಂಡು ಬರಬಾರದು. ಜೋಡಿ ಸ್ವಾಬ್ ಎರಡನ್ನೂ ಕಳಿಸಿಕೊಡಿ.’ ಒಂದು ಈಗ ಮರುಪರೀಕ್ಷೆಗೆ ಇರುತ್ತದೆ. ಮೆತ್ತಿಕೊಂಡದ್ದು ಬಂದರೆ ನಾನು ಲೋಡ್ ಮಾಡುವುದೇ ಇಲ್ಲ.

ಸ್ವಾಬ್ ಪಾಸಿಟಿವ್ ಅಂದ ಮಾತ್ರಕ್ಕೆ ಸೋಂಕು ಅಂತಲ್ಲ, ಪ್ರತ್ಯೇಕ ಇಡಬೇಕು ಅಷ್ಟೇ. ಆದರೆ ಮುಂದೆ ಸೋಂಕಾದರೆ ಈ ವಿವರ ಡಾಕ್ಟರಿಗೆ ದಾರಿ ತೋರಿಸುತ್ತದೆ. ಎನ್‌ಡಿಎಂ ಇದ್ದಾಗ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಆಂಟಿಬಯಾಟಿಕ್ ಒಂದೇ ಸಾಲದು, ಜೊತೆಗೆ ಅಜ್ಟ್ರಿಯೋನಾಮ್ ಬೇಕಾಗುತ್ತದೆ.

ಎಲ್ಲರಿಗೂ ಕಾರ್ಟ್ರಿಜ್ ಹಾಕುವಷ್ಟು ಬಜೆಟ್ ನಮಗಿಲ್ಲ. ಬೇರೆ ಆಸ್ಪತ್ರೆಯಿಂದ ಐಸಿಯುಗೆ ಬಂದವರಿಗೆ ಮಾತ್ರ ಅದು. ಬ್ಲಡ್ ಕಲ್ಚರ್‌ನಲ್ಲಿ ಬೆಳೆದ ಕಾಲೊನಿಗೆ ಸ್ಟ್ರಿಪ್. ಟಿಬಿ ಮೆಷಿನ್ ಇರದಿದ್ದರೆ ನಾನೂ ಸ್ಟ್ರಿಪ್‌ನಲ್ಲೇ ಇರುತ್ತಿದ್ದೆ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೆಲಸ ಮಾಡುತ್ತದಾ ಅಂತ ಎರಡೂ ಹೇಳುವುದಿಲ್ಲ, ಹಾಗಾಗಿ ಕಲ್ಚರ್ ಪ್ಲೇಟ್ ಹಾಕುವುದನ್ನು ಒಂದು ದಿನವೂ ಬಿಟ್ಟಿಲ್ಲ.